ಜಪಾನಿನ ಬೆಟ್ಟದ ಬಿಡಾರ, ಜಾವಳಿ ಸೀಮೆಯ ಹೋಂಸ್ಟೇ

ಮಳೆಗಾಲ ಹಿಂದೆ ಸರಿದು ಗುಡ್ಡದ ಹುಲ್ಲು ಇನ್ನೂ ಹಸಿರಾಗಿರುವ ದಿನಗಳಲ್ಲಿ, ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಮಿನಿ ಬಸ್ಸುಗಳು ಶನಿವಾರ ನಸುಕಿಗೆ ಕಳಸ, ಸಂಸೆ, ಸುಂಕಸಾಲೆ ಮುಟ್ಟುತ್ತವೆ. ಬಂದವರು ಹೋಂಸ್ಟೇಯೊಂದರಲ್ಲಿ ಮುಖ ತೊಳೆದು, ತಿಂಡಿ ತಿಂದು, ಬುತ್ತಿ ಕಟ್ಟಿಸಿಕೊಂಡು ಜೀಪು ಹತ್ತುತ್ತಾರೆ. ಜೀಪು ನಿಂತಲ್ಲಿಂದ ಶಿಖರಕ್ಕೆ ನಡೆದು, ಹೋದ ದಾರಿಯಲ್ಲೇ ಇಳಿದು, ಕತ್ತಲಾಗುವ ಮೊದಲು ಕಾಡಿನಿಂದ ಹೊರಗೆ ಬರುತ್ತಾರೆ. ಅನೇಕರು ಅದೇ ರಾತ್ರಿ ಊರಿಗೆ ಮರಳುತ್ತಾರೆ. ನಮ್ಮಲ್ಲಿ ಚಾರಣವೆಂದರೆ ಬಹುಮಟ್ಟಿಗೆ ಇಷ್ಟೇ: ಒಂದು ಬೆಟ್ಟ, ಒಂದು ಹಗಲು.

ಜಪಾನಿಗೋ ಯುರೋಪಿಗೋ ಹೋಗಿ ಬಂದವರು ಈಚೆಗೆ ಒಂದು ಪ್ರಶ್ನೆ ಕೇಳತೊಡಗಿದ್ದಾರೆ. ಅಲ್ಲಿ ಬೆನ್ನಿಗೊಂದು ಚಿಕ್ಕ ಚೀಲ ಹಾಕಿಕೊಂಡು, ಮಾರ್ಗದರ್ಶಿಯ ಹಿಂದೆ ನಾಲ್ಕೈದು ದಿನ ಬೆಟ್ಟದ ಮೇಲೆಯೇ ನಡೆಯಬಹುದು. ರಾತ್ರಿಯಾದಲ್ಲಿ ಬಿಸಿಯೂಟ, ಹಾಸಿಗೆ ಸಿಗುತ್ತದೆ. ಮೂಡಿಗೆರೆ, ಕಳಸದ ಸಾಲುಬೆಟ್ಟಗಳಲ್ಲಿ ಇದೇಕೆ ಸಾಧ್ಯವಿಲ್ಲ? ಹೇಮಾವತಿ ಹುಟ್ಟುವ ಜಾವಳಿಯಿಂದ ಹೊರಟು ಕುದುರೆಮುಖದ ಬುಡದವರೆಗೆ ಮೂರು ದಿನ ನಡೆಯುವ ಒಂದು ದಾರಿ ನಮಗೂ ಏಕಿರಬಾರದು?

ಪ್ರಶ್ನೆ ಸರಳ. ಆದರೆ ಉತ್ತರಿಸಲು ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಅಲ್ಲಿನ ವ್ಯವಸ್ಥೆ ಯಾವುದರ ಮೇಲೆ ನಿಂತಿದೆ, ನಮ್ಮ ಬೆಟ್ಟಗಳಿಗೂ ಕಾಯ್ದೆಗೂ ಏನು ಸಂಬಂಧ, ಮತ್ತು ನಮ್ಮಲ್ಲಿ ಈಗಾಗಲೇ ಏನಿದೆ ಎಂಬುವೇ ಆ ಮೂರು.

ಬಿಡಾರದ ಒಂದು ದಿನ

ಜಪಾನಿನ ನಡುನಾಡಿನಲ್ಲಿ ಉತ್ತರ ಆಲ್ಪ್ಸ್ ಎಂದು ಕರೆಯುವ ಪರ್ವತಸಾಲಿದೆ. ಹಲವು ಶಿಖರಗಳು 3,000 ಮೀಟರ್ ಮೀರಿದವು. ಈಟಿಯ ಮೊನೆಯಂತೆ ನಿಂತಿರುವ ಯಾರಿಗಾತಾಕೆ 3,180 ಮೀಟರ್. ಇಲ್ಲಿನ ಹೆಸರಾಂತ ಚಾರಣ ನಾಕಾಬುಸಾ ಎಂಬ ಬಿಸಿನೀರಿನ ಬುಗ್ಗೆಯ ಬಳಿ ಶುರುವಾಗಿ, ತ್ಸುಬಾಕುರೊ ಶಿಖರ ಏರಿ, ಬೆಟ್ಟದ ನೆತ್ತಿಯುದ್ದಕ್ಕೂ ಸಾಗಿ ಯಾರಿ ಮುಟ್ಟಿ, ಕಾಮಿಕೋಚಿ ಕಣಿವೆಗೆ ಇಳಿಯುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ದಿನದ ದಾರಿ. ಹೊರಟ ಬಿಂದುವಿಗೆ ಮರಳಬೇಕಾಗಿಲ್ಲ.

ಇದು ಸಾಧ್ಯವಾಗಿರುವುದು ‘ಯಾಮಾಗೋಯಾ’ ಎಂಬ ಬೆಟ್ಟದ ಬಿಡಾರಗಳಿಂದ. ಅಲ್ಲಿ ಗುಡಿಸಲಿನಷ್ಟು ಚಿಕ್ಕವೂ ಇವೆ, ನೂರಾರು ಜನ ಮಲಗುವಷ್ಟು ದೊಡ್ಡವೂ ಇವೆ. ಒಂದರಿಂದ ಇನ್ನೊಂದಕ್ಕೆ ಕೆಲವು ಗಂಟೆಗಳ ನಡಿಗೆ. ಹಾಗಾಗಿ ಹವೆ ಕೆಟ್ಟರೆ, ಕಾಲು ಸೋತರೆ, ಹಿಂದಿನದ್ದೋ ಮುಂದಿನದ್ದೋ ಬಿಡಾರ ಸೇರಿಕೊಳ್ಳಬಹುದು.

ಬಿಡಾರದ ದಿನಚರಿ ಗಡಿಯಾರದಷ್ಟೇ ಕಟ್ಟುನಿಟ್ಟು. ನಡೆಯುವವರು ಮಧ್ಯಾಹ್ನ ಮೂರರ ಹೊತ್ತಿಗೆ ಬಂದು ಸೇರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ಗುಡುಗು, ಸಿಡಿಲು ಹೆಚ್ಚು ಎಂಬುದು ಇದಕ್ಕೆ ಕಾರಣ. ಬಾಗಿಲಲ್ಲೇ ಬೂಟು ಕಳಚಬೇಕು. ನೆನೆದ ಬಟ್ಟೆಗೆ ಒಣಗಿಸುವ ಕೋಣೆ ಇರುತ್ತದೆ. ಸಂಜೆ ಐದಾರು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಊಟ: ಅನ್ನ, ಹುದುಗಿಸಿದ ಸೋಯಾ ಕಾಳಿನ ಸಾರು, ಉಪ್ಪಿನಕಾಯಿ, ಜೊತೆಗೊಂದು ಪಲ್ಯವೋ ಮಾಂಸವೋ. ಉದ್ದನೆಯ ಹಜಾರದಲ್ಲಿ ಸಾಲಾಗಿ ಹಾಸಿಗೆ. ಪಕ್ಕದವರು ಯಾರೋ ಅಪರಿಚಿತರು. ರಾತ್ರಿ ಎಂಟು, ಒಂಬತ್ತಕ್ಕೆ ದೀಪ ಆರುತ್ತದೆ. ಬೆಳಗಿನ ಐದಕ್ಕೆ ತಿಂಡಿ. ಸ್ನಾನ ಹೆಚ್ಚಿನ ಕಡೆ ಇಲ್ಲ. ನೀರು ಮಳೆಯಿಂದ ಇಲ್ಲವೇ ಕರಗುವ ಹಿಮದಿಂದ ಬರಬೇಕು. ಶೌಚಾಲಯಕ್ಕೆ ಪ್ರತ್ಯೇಕ ಚಿಲ್ಲರೆ ಕಾಸು ಹಾಕಬೇಕು. ಕಸವನ್ನು ತಂದವರೇ ಊರಿಗೆ ಒಯ್ಯಬೇಕು. ಎರಡು ಊಟ ಸೇರಿ ಒಂದು ರಾತ್ರಿಗೆ ಈಗ ಹೆಚ್ಚಿನ ಕಡೆ 13ರಿಂದ 15 ಸಾವಿರ ಯೆನ್, ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಯ ಆಸುಪಾಸು.

ದರ ಕೇಳಿದವರು ಹುಬ್ಬೇರಿಸುವುದು ಸಹಜ. ಆದರೆ ಅಕ್ಕಿ, ಅನಿಲ, ಡೀಸೆಲ್ ಎಲ್ಲವೂ ಅಲ್ಲಿಗೆ ಹೋಗುವುದು ಹೆಲಿಕಾಪ್ಟರಿನಲ್ಲಿ, ಕೆಲವೆಡೆ ಹಮಾಲರ ಬೆನ್ನ ಮೇಲೆ. ಸಾಗಣೆಯ ಖರ್ಚು ತಟ್ಟೆಯ ಮೇಲಿನ ಪ್ರತಿ ತುತ್ತಿಗೂ ಸೇರಿರುತ್ತದೆ.

ಕಣ್ಣಿಗೆ ಕಾಣದ ಕೆಲಸ

ಊಟ, ಹಾಸಿಗೆಗಳು ಪ್ರವಾಸಿಯ ಕಣ್ಣಿಗೆ ಬೀಳುವ ಸಂಗತಿಗಳು. ಬಿಡಾರ ಮಾಡುವ ಇನ್ನೂ ದೊಡ್ಡ ಕೆಲಸ ಬೇರೆಯಿದೆ: ಅದು ದಾರಿಯನ್ನು ಕಾಯುತ್ತದೆ.

ಬೆಟ್ಟದ ಕಾಲುದಾರಿ ಒಮ್ಮೆ ಕಡಿದರೆ ಉಳಿಯುವ ವಸ್ತುವಲ್ಲ. ಮಳೆನೀರು ಅದನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ನಡೆಯುವವರು ಕೆಸರು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ, ದಾರಿ ಅಗಲವಾಗುತ್ತದೆ, ಮಣ್ಣು ಸಡಿಲಗೊಂಡು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಇದನ್ನು ತಡೆಯಲು ವರ್ಷವರ್ಷವೂ ಅಡ್ಡಗಟ್ಟಿ ನೀರು ತಿರುಗಿಸಬೇಕು, ಮೆಟ್ಟಿಲು ಕೂರಿಸಬೇಕು, ಬಿದ್ದ ಮರ ಸರಿಸಬೇಕು. ಉತ್ತರ ಆಲ್ಪ್ಸ್‌ನಲ್ಲಿ ಈ ಕೆಲಸದ ಬಹುಪಾಲನ್ನು ಹಳೆಯ ರೂಢಿಯಂತೆ ಬಿಡಾರದವರೇ ಮಾಡುತ್ತ ಬಂದಿದ್ದಾರೆ. ದಾರಿ ಕೆಟ್ಟರೆ ಗಿರಾಕಿ ಬರುವುದಿಲ್ಲ. ಹೀಗಾಗಿ ದಾರಿಯ ಹಿತವೂ ಬಿಡಾರದ ಹಿತವೂ ಒಂದೇ.

ಅಪಾಯದ ಹೊತ್ತಿನಲ್ಲೂ ಬಿಡಾರವೇ ಮೊದಲ ನೆರವು. ನಾಗಾನೊ ಪ್ರಾಂತದಲ್ಲಿ 2016ರಿಂದ ಗೊತ್ತುಪಡಿಸಿದ ಬೆಟ್ಟದಾರಿಗಳಿಗೆ ಹೊರಡುವವರು ಪ್ರಯಾಣದ ವಿವರವನ್ನು ಮೊದಲೇ ಬರೆದು ಸಲ್ಲಿಸುವುದು ಕಡ್ಡಾಯ. ಯಾರು, ಎಷ್ಟು ಜನ, ಯಾವ ದಾರಿ, ಎಲ್ಲಿ ತಂಗುತ್ತಾರೆ ಎಂಬುದು ಅದರಲ್ಲಿರುತ್ತದೆ. ಕಾದಿರಿಸಿದ ಹಾಸಿಗೆಗೆ ಸಂಜೆಯಾದರೂ ಜನ ಬಾರದಿದ್ದರೆ ಬಿಡಾರದವರಿಗೆ ಅದು ತಿಳಿಯುತ್ತದೆ, ಹುಡುಕಾಟ ಶುರುವಾಗುತ್ತದೆ.

ಮಾರ್ಗದರ್ಶಿಯ ಪಾತ್ರವನ್ನೂ ಇದರ ಜೊತೆಗೇ ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ಮಾರ್ಗದರ್ಶಿಗಳಿಗೆ ರಾಷ್ಟ್ರಮಟ್ಟದ ಸಂಘವೊಂದು ಪರೀಕ್ಷೆ ನಡೆಸಿ, ಕಾಡಿನ ನಡಿಗೆ, ಬೇಸಿಗೆಯ ಪರ್ವತ, ಬಂಡೆ, ಹಿಮ ಎಂದು ದರ್ಜೆವಾರು ಅರ್ಹತೆ ಕೊಡುತ್ತದೆ. ದಾರಿ ತೋರಿಸುವುದು ಅವರ ಕೆಲಸದ ಸಣ್ಣ ಭಾಗ. ಗುಂಪಿನಲ್ಲಿ ಅತಿ ನಿಧಾನದವರಿಗೆ ತಕ್ಕಂತೆ ವೇಗ ಹಿಡಿಯುವುದು, ಮೋಡ ನೋಡಿ ‘ಇವತ್ತು ಇಲ್ಲಿಗೇ ಸಾಕು’ ಎನ್ನುವುದು ಮುಖ್ಯ ಭಾಗ. ಹಾಗೆ ಹೇಳಲು ಅವರಿಗೆ ಧೈರ್ಯ ಕೊಡುವುದೂ ಬಿಡಾರವೇ. ಹತ್ತಿರದಲ್ಲಿ ಸೂರಿದ್ದರೆ ನಿಲ್ಲಬಹುದು. ಇಲ್ಲದಿದ್ದರೆ ಮುಂದೆ ಹೋಗಲೇಬೇಕಾಗುತ್ತದೆ.

ಈ ವ್ಯವಸ್ಥೆಗೂ ಬಿರುಕುಗಳಿವೆ. 2019ರ ಬೇಸಿಗೆಯಲ್ಲಿ ಹೆಲಿಕಾಪ್ಟರ್ ಸೇವೆ ಕೈಕೊಟ್ಟು ಹಲವು ಬಿಡಾರಗಳಿಗೆ ಸಾಮಾನು ಮುಟ್ಟುವುದೇ ತಡವಾಯಿತು. ಖಾಸಗಿ ಬಿಡಾರಗಳ ಹೆಗಲ ಮೇಲೆಯೇ ಸಾರ್ವಜನಿಕ ದಾರಿಯ ಭಾರ ಎಷ್ಟು ಕಾಲ ಎಂಬ ಚರ್ಚೆ ಆಗಲೇ ಜೋರಾಯಿತು. ನಡೆಯುವವರಿಂದ ದೇಣಿಗೆ ಸಂಗ್ರಹಿಸಿ ದಾರಿ ದುರಸ್ತಿಗೆ ಬಳಸುವ ಪ್ರಯೋಗಗಳು ಆಮೇಲೆ ಬಂದವು. ಫುಜಿ ಪರ್ವತದಲ್ಲಿ ಜನಜಂಗುಳಿ ತಡೆಯಲಾರದೆ 2024ರಲ್ಲಿ ಯೋಶಿದಾ ದಾರಿಗೆ ದಿನಕ್ಕೆ 4,000 ಜನರ ಮಿತಿಯನ್ನೂ ಶುಲ್ಕವನ್ನೂ ವಿಧಿಸಬೇಕಾಯಿತು. ಜಪಾನೂ ಎಲ್ಲವನ್ನೂ ಬಗೆಹರಿಸಿಕೊಂಡಿಲ್ಲ.

ಕಾಯ್ದೆಯ ಗೆರೆ

ಹಾಗಾದರೆ ಬಲ್ಲಾಳರಾಯನದುರ್ಗದ ನೆತ್ತಿಯಲ್ಲೋ ಕುದುರೆಮುಖದ ಹುಲ್ಲುಗಾವಲಲ್ಲೋ ಇಂಥದೊಂದು ಬಿಡಾರ ಕಟ್ಟಬಹುದೇ? ಕಟ್ಟಲಾಗದು. ಅದಕ್ಕೆ ಕಾರಣ ಅಧಿಕಾರಿಗಳ ಮನಸ್ಸಿನಲ್ಲಿಲ್ಲ, ಕಾಯ್ದೆಯಲ್ಲೂ ನೆಲದ ಗುಣದಲ್ಲೂ ಇದೆ.

ಜಪಾನಿನಲ್ಲಿ ‘ರಾಷ್ಟ್ರೀಯ ಉದ್ಯಾನ’ ಎಂದರೆ ನಕ್ಷೆಯ ಮೇಲೆ ಎಳೆದ ಒಂದು ವಲಯ. ಅದರೊಳಗೆ ಸರ್ಕಾರದ ಕಾಡಿನ ಜೊತೆ ಖಾಸಗಿ ಜಮೀನು, ಹಳ್ಳಿ, ಹೊಲ, ವಸತಿಗೃಹಗಳೂ ಇರಬಹುದು. ಎಲ್ಲಿ ಏನು ಮಾಡಬಹುದು ಎಂಬುದನ್ನು ಉಪವಲಯಗಳು ನಿರ್ಧರಿಸುತ್ತವೆ. ಉತ್ತರ ಆಲ್ಪ್ಸ್ ಒಳಗೊಂಡ ಉದ್ಯಾನ ಘೋಷಣೆಯಾದದ್ದು 1934ರಲ್ಲಿ. ತ್ಸುಬಾಕುರೊ ನೆತ್ತಿಯ ಎಂಜಾನ್ಸೊ ಬಿಡಾರ ಶುರುವಾದದ್ದು 1921ರಲ್ಲಿ. ಹಾಕುಬಾ ಶಿಖರದ ಬಿಡಾರ ಇನ್ನೂ ಹಳೆಯದು. ಬಿಡಾರ ಮೊದಲು ಬಂತು, ಉದ್ಯಾನ ಆಮೇಲೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನವೆಂದರೆ ಕಾಡುಪ್ರಾಣಿಗಳಿಗೆ ಮೀಸಲಾದ ನೆಲ. ಘೋಷಣೆಗೆ ಮೊದಲೇ ಅಲ್ಲಿನ ಖಾಸಗಿ ಹಕ್ಕುಗಳನ್ನು ಇತ್ಯರ್ಥ ಮಾಡಬೇಕು. ಆಮೇಲೆ ಒಳಗೆ ಹೋಗಲು ಅನುಮತಿ ಬೇಕು. ಅಧ್ಯಯನ, ಛಾಯಾಗ್ರಹಣ, ಪ್ರವಾಸದಂಥ ಕೆಲವೇ ಉದ್ದೇಶಗಳಿಗೆ ಅದು ಸಿಗುತ್ತದೆ. ಕುದುರೆಮುಖ ಈ ದರ್ಜೆ ಪಡೆದದ್ದು 1987ರಲ್ಲಿ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಅದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಂಪನಿಯ ಗಣಿಗಾರಿಕೆ ನಿಲ್ಲಲು ಸುಪ್ರೀಂ ಕೋರ್ಟಿನ ಆದೇಶ ಬೇಕಾಯಿತು. ಅದು ನಿಂತದ್ದು 2005ರ ಕೊನೆಗೆ. ಇಷ್ಟು ಹೆಣಗಿ ಉಳಿಸಿಕೊಂಡ ನೆಲದಲ್ಲಿ ಹೊಸದಾಗಿ ಅಡುಗೆಮನೆ, ಜನರೇಟರು, ಶೌಚಗುಂಡಿ ತರುವುದಕ್ಕೆ ಯಾವ ಸಮರ್ಥನೆಯೂ ನಿಲ್ಲದು.

ನೆಲದ ಗುಣವೂ ಬೇರೆ. ಉತ್ತರ ಆಲ್ಪ್ಸ್‌ನ ಬಿಡಾರಗಳು ಹೆಚ್ಚಾಗಿ ಮರ ಬೆಳೆಯದ ಎತ್ತರದಲ್ಲಿವೆ. ಚಳಿಗಾಲದಲ್ಲಿ ಬಹುಪಾಲು ಮುಚ್ಚಿರುತ್ತವೆ. ನಮ್ಮ ಬೆಟ್ಟಗಳಲ್ಲಿ ನೆತ್ತಿಗೆ ಹುಲ್ಲು, ಮಡಿಲಿಗೆ ಶೋಲಾ ಎನ್ನುವ ಗಿಡ್ಡ ಮರಗಳ ದಟ್ಟ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಈ ಜೋಡಿಯೇ. ತುಂಗಾ, ಭದ್ರಾ, ನೇತ್ರಾವತಿ, ಹೇಮಾವತಿ ಎಲ್ಲವೂ ಇದೇ ಸಾಲಿನ ಮಡಿಲಲ್ಲಿ ಹುಟ್ಟುತ್ತವೆ. ಕಾಟಿ, ಕಡವೆ, ಚಿರತೆಗಳು ರಾತ್ರಿ ಮೇಯುವುದೂ ಬೇಟೆಯಾಡುವುದೂ ಈ ಹುಲ್ಲುಗಾವಲಿನ ಅಂಚಿನಲ್ಲೇ. ಫೆಬ್ರುವರಿ ಹೊತ್ತಿಗೆ ಹುಲ್ಲು ಒಣಗುತ್ತದೆ. ಒಂದು ಬೀಡಿಯ ಕಿಡಿ ಗುಡ್ಡವನ್ನೇ ಸುಡಬಲ್ಲದು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದು ಇದಕ್ಕಾಗಿಯೇ.

ಹಿಂದೆ ಬೆಳ್ತಂಗಡಿ ಕಡೆಯ ವಾಲಂಬ್ರದಿಂದ ಏರಿ, ಬಂಡಾಜೆ ಅರ್ಬಿ ಜಲಪಾತದ ತಲೆಯ ಮೇಲೆ ರಾತ್ರಿ ಡೇರೆ ಹಾಕಿ, ಮರುದಿನ ಬಲ್ಲಾಳರಾಯನದುರ್ಗದ ಕೋಟೆ ದಾಟಿ ಸುಂಕಸಾಲೆಗೆ ಇಳಿಯುವ ಎರಡು ದಿನದ ಚಾರಣ ಹೆಸರುವಾಸಿಯಾಗಿತ್ತು. ಈಗ ಕಾಡಿನೊಳಗೆ ರಾತ್ರಿ ತಂಗುವಂತಿಲ್ಲ. ಹಳೆಯ ಚಾರಣಿಗರಿಗೆ ಇದು ನೋವಿನ ಸಂಗತಿ. ಆದರೆ ಆ ಜಾಗಗಳಲ್ಲಿ ಉಳಿದ ಬೂದಿಗುಂಡಿ, ಬಾಟಲಿಗಳನ್ನು ನೋಡಿದವರು ನಿಷೇಧದ ಹಿಂದಿನ ತರ್ಕವನ್ನು ಅಲ್ಲಗಳೆಯಲಾರರು.

ಒಂದೇ ಶಿಖರಕ್ಕೆ ಎಲ್ಲರೂ

ನಿಷೇಧ ಒಂದು ಸಮಸ್ಯೆಯನ್ನು ಬಿಡಿಸಿ ಇನ್ನೊಂದನ್ನು ಗಂಟು ಹಾಕಿದೆ. ರಾತ್ರಿ ತಂಗುವಂತಿಲ್ಲವೆಂದಾಗ ಹಗಲಿನಲ್ಲೇ ಮುಗಿಯುವ ಬೆಟ್ಟಗಳಿಗಷ್ಟೇ ಬೇಡಿಕೆ ಉಳಿಯುತ್ತದೆ. ಮುಳ್ಳೋಡಿಯಿಂದ 1,894 ಮೀಟರಿನ ಕುದುರೆಮುಖ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೋಮೀಟರ್. ಸಂಜೆಯೊಳಗೆ ಮರಳಬೇಕಾದ್ದರಿಂದ ಎಲ್ಲರೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡಬೇಕು. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆದ್ದರಿಂದ ತುಳಿತ ಇಮ್ಮಡಿ. ವಾರದ ಐದು ದಿನ ಖಾಲಿಯಿರುವ ದಾರಿ ಶನಿವಾರ, ಭಾನುವಾರ ಸಂತೆಯಾಗುತ್ತದೆ.

ಈ ಒತ್ತಡ ಎಲ್ಲರ ಕಣ್ಣಿಗೆ ಬಿದ್ದದ್ದು 2024ರ ಜನವರಿಯಲ್ಲಿ. ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಮಂದಿ ಕುಮಾರಪರ್ವತಕ್ಕೆ ನುಗ್ಗಿದ ದೃಶ್ಯಗಳು ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಶುರುವಾಗಿ, ಚಾರಣದ ಚೀಟಿಯನ್ನು ಅಲ್ಲೇ ಪಡೆಯುವ, ದಿನಕ್ಕೆ ಇಷ್ಟೇ ಜನ ಎನ್ನುವ ಪದ್ಧತಿ ಬಂತು.

ಮಿತಿ ಬೇಕಾದದ್ದೇ. ಆದರೆ ಅದು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತದೆ, ಅಷ್ಟೇ. ಒಳಗಿನ ದಾರಿಯನ್ನು ಯಾರು ದುರಸ್ತಿ ಮಾಡುತ್ತಾರೆ, ಬಂದವರು ಊರಿನಲ್ಲಿ ಎಷ್ಟು ಹೊತ್ತು ಇರುತ್ತಾರೆ, ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ರಾತ್ರಿ ಬಸ್ಸಿನಲ್ಲಿ ಬಂದು ರಾತ್ರಿ ಬಸ್ಸಿನಲ್ಲೇ ಹೋಗುವ ಚಾರಣಿಗನಿಗೆ ಹೋಂಸ್ಟೇ ಎಂದರೆ ಬಚ್ಚಲುಮನೆ ಮತ್ತು ಬುತ್ತಿ. ಅವನ ಖರ್ಚಿನ ದೊಡ್ಡ ಪಾಲು ಬಸ್ಸಿಗೂ ನಗರದ ಆಯೋಜಕರಿಗೂ ಹೋಗುತ್ತದೆ.

ಕೊಟ್ಟಿಗೆಹಾರದ ಮಜ್ಜಿಗೆ

ಹಲವು ದಿನ ನಡೆಯುವುದು ನಮಗೆ ಹೊಸದೇನೂ ಅಲ್ಲ. ಪ್ರತಿವರ್ಷ ಮಹಾಶಿವರಾತ್ರಿಗೆ ಮುಂಚೆ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಸಾವಿರಾರು ಭಕ್ತರು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರೆ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ಹಾದು ಚಾರ್ಮಾಡಿ ಘಾಟಿ ಇಳಿಯುವ ಈ ಯಾತ್ರೆ ದೂರದಿಂದ ಬಂದವರಿಗೆ ವಾರಕ್ಕೂ ಹೆಚ್ಚಿನ ನಡಿಗೆ.

ಆ ದಿನಗಳಲ್ಲಿ ರಸ್ತೆಯ ಬದಿ ನಿಂತು ನೋಡಬೇಕು. ಊರವರು ಶಾಮಿಯಾನ ಹಾಕಿ ಹಂಡೆಗಟ್ಟಲೆ ಮಜ್ಜಿಗೆ, ಪಾನಕ ಕೊಡುತ್ತಿರುತ್ತಾರೆ. ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟಿರುತ್ತಾರೆ. ಬೊಬ್ಬೆಯೆದ್ದ ಕಾಲಿಗೆ ಯಾರೋ ಎಣ್ಣೆ ತಿಕ್ಕುತ್ತಿರುತ್ತಾರೆ. ರಾತ್ರಿಯಾದರೆ ಶಾಲೆಯ ಜಗಲಿ, ದೇವಸ್ಥಾನದ ಪ್ರಾಂಗಣ, ಯಾರದೋ ಮನೆಯ ಅಂಗಳವೇ ಹಾಸಿಗೆ. ಅನ್ನ ಬಡಿಸುವವರು ಹೆಸರು ಕೇಳುವುದಿಲ್ಲ. ಜಪಾನಿನ ಬಿಡಾರದಲ್ಲಿ ಹಣಕ್ಕೆ ಸಿಗುವ ಊಟ, ಸೂರು, ವಿಶ್ರಾಂತಿ ಇಲ್ಲಿ ನಂಬಿಕೆಯ ಬಲದಿಂದ ಸಿಗುತ್ತದೆ.

ಕೊರತೆಗಳೂ ಇವೆ. ಯಾತ್ರಿಕರು ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ, ಲಾರಿ ಬಸ್ಸುಗಳ ಪಕ್ಕದಲ್ಲಿ. ಯಾತ್ರೆ ಮುಗಿದ ಮೇಲೆ ಘಾಟಿಯ ಬದಿಯ ಲೋಟ, ತಟ್ಟೆಗಳನ್ನು ಸ್ವಯಂಸೇವಕರು ಹೆಕ್ಕಬೇಕಾಗುತ್ತದೆ. ವರ್ಷಕ್ಕೊಮ್ಮೆ ಜೀವ ತಳೆದು ಕರಗುವ ವ್ಯವಸ್ಥೆಯಾದ್ದರಿಂದ ಆ ದಾರಿಗೆ ಕಾಯಂ ಹೊಣೆಗಾರರು ಯಾರೂ ಇಲ್ಲ.

ಜಪಾನಿನಲ್ಲಿ ಇದಕ್ಕೆ ಸರಿಸಾಟಿಯಾದದ್ದು ಉತ್ತರ ಆಲ್ಪ್ಸ್ ಅಲ್ಲ, ದಕ್ಷಿಣದ ಕೀ ಪರ್ಯಾಯ ದ್ವೀಪದ ಕುಮಾನೊ ಯಾತ್ರಾಮಾರ್ಗ. ಸಾವಿರ ವರ್ಷದ ಹಿಂದೆ ಚಕ್ರವರ್ತಿಗಳೂ ನಡೆದ ದಾರಿಯದು. 2004ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಹಿಮದ ಶಿಖರಗಳಿಲ್ಲ. ಮಳೆ ಸುರಿಯುವ ಕಾಡುಗುಡ್ಡ, ನಡುನಡುವೆ ಚಹಾ ತೋಟ, ಗದ್ದೆ, ಚಿಕ್ಕ ಹಳ್ಳಿ. ತಾಕಿಜಿರಿಯಿಂದ ಹೊಂಗು ದೇಗುಲದವರೆಗಿನ ಭಾಗವನ್ನು ಎರಡು ದಿನದಲ್ಲಿ ನಡೆಯುತ್ತಾರೆ. ಪ್ರತಿ 500 ಮೀಟರಿಗೆ ಅಂಕಿ ಬರೆದ ಕಂಬವಿದೆ. ಬಿದ್ದು ಪೆಟ್ಟಾದವರು ಆ ಅಂಕಿ ಹೇಳಿದರೆ ನೆರವು ನೇರ ಅಲ್ಲಿಗೇ ಬರುತ್ತದೆ. ತಂಗುವುದು ಹಳ್ಳಿಯ ಮನೆಗಳಲ್ಲಿ. ನಡೆಯುವವರ ದೊಡ್ಡ ಚೀಲವನ್ನು ಮುಂದಿನ ಮನೆಗೆ ವಾಹನದಲ್ಲಿ ಮುಟ್ಟಿಸುವವರೂ ಇದ್ದಾರೆ.

ಕುಮಾನೊದಿಂದ ಕಲಿಯಬೇಕಾದದ್ದು ಆಡಳಿತದ ಏರ್ಪಾಡು. ತಾನಾಬೆ ಎಂಬ ಪುರಸಭೆಯ ಸುತ್ತಲಿನವರು 2006ರಲ್ಲಿ ಒಂದು ಪ್ರವಾಸೋದ್ಯಮ ಸಂಸ್ಥೆ ಕಟ್ಟಿಕೊಂಡರು. ಇಂಗ್ಲಿಷು ಬಾರದ ಅಜ್ಜಿಯ ಎರಡು ಕೋಣೆಯ ಮನೆಯಾದರೂ ಸರಿ, ಬುಕಿಂಗನ್ನು ಈ ಸಂಸ್ಥೆ ನೋಡಿಕೊಳ್ಳುತ್ತದೆ. ಫಲಕ, ನಕ್ಷೆ, ಮಾರ್ಗದರ್ಶಿಗಳ ಮಾಹಿತಿ ಒಂದೇ ಕಡೆ ಸಿಗುತ್ತದೆ. ಹೀಗಾಗಿ ಸಣ್ಣ ಮನೆಗೂ ದೂರದ ಅತಿಥಿ ಸಿಗುತ್ತಾನೆ; ನಡುವೆ ದಲ್ಲಾಳಿಗಳ ಸರಪಳಿ ಬೇಕಾಗಿಲ್ಲ.

ಜಾವಳಿ ಸೀಮೆಯಲ್ಲಿ ಏನಿದೆ

ಈಗ ನಮ್ಮ ನಕ್ಷೆಯತ್ತ ನೋಡೋಣ. ಜಾವಳಿಯಲ್ಲಿ ಗಣಪತಿ ಗುಡಿಯ ಬಳಿ ಹೇಮಾವತಿಯ ಮೂಲವಿದೆ. ಮುಂದೆ ಗೊರೂರಿನಲ್ಲಿ ಅಣೆಕಟ್ಟಿಗೆ ನಿಲ್ಲುವ ನದಿ ಇಲ್ಲಿ ಒಂದು ಒರತೆ. ಇಲ್ಲಿಂದ ಕಳಸದ ಕಡೆಗೆ ಸಾಗಿದರೆ ಕೆಳಗೂರಿನ ಚಹಾ ತೋಟ, ಸುಂಕಸಾಲೆ, ಹೊರನಾಡಿನ ಅನ್ನಪೂರ್ಣೇಶ್ವರಿ, ಕಳಸದ ಕಳಸೇಶ್ವರ, ಸಂಸೆಯ ಚಹಾ ತೋಟ, ಆಮೇಲೆ ಕುದುರೆಮುಖದ ಬುಡ. ಎಲ್ಲವೂ ಕಾಫಿ ತೋಟಗಳ, ಊರುಗಳ ಸೀಮೆ. ಹೊರನಾಡಿನಲ್ಲಿ ಬಂದವರಿಗೆಲ್ಲ ಊಟ ಸಿಗುತ್ತದೆ. ಊರೂರಿಗೂ ಹೋಂಸ್ಟೇಗಳಿವೆ. ಜೀಪು ಓಡಿಸುವ, ಚಾರಣಿಗರ ಜೊತೆ ಹೋಗುವ ಹುಡುಗರಿದ್ದಾರೆ. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಅನೇಕ ಸಣ್ಣ ಬೆಳೆಗಾರರನ್ನು ಆತುಕೊಂಡದ್ದು ಈ ಹೋಂಸ್ಟೇಯೇ.

ಅಂದರೆ ಬಿಡಾರವೂ ಇದೆ, ಮಾರ್ಗದರ್ಶಿಯೂ ಇದ್ದಾನೆ. ಇವೆರಡನ್ನು ಪೋಣಿಸುವ ದಾರಿ ಮಾತ್ರ ಇಲ್ಲ. ಒಂದು ಹೋಂಸ್ಟೇಯಿಂದ ಇನ್ನೊಂದಕ್ಕೆ ಜನ ಹೋಗುವುದು ಕಾರಿನಲ್ಲಿ.

ಹಳೆಯ ಕಾಲುದಾರಿಗಳು ಪೂರ್ತಿ ಅಳಿದಿಲ್ಲ. ಮಕ್ಕಳು ಶಾಲೆಗೆ, ಕೂಲಿಯವರು ತೋಟಕ್ಕೆ, ಊರವರು ಜಾತ್ರೆಗೆ ನಡೆದ ಒಳದಾರಿಗಳು ಇನ್ನೂ ಇವೆ. ಆದರೆ ಬಹಳಷ್ಟು ಖಾಸಗಿ ತೋಟದ ಒಳಗೆ ಹಾಯುತ್ತವೆ. ಊರಿನವನಿಗೆ ಬೇಲಿ ದಾಟಲು ಯಾರೂ ಅಡ್ಡಿ ಮಾಡುವುದಿಲ್ಲ. ಹೊರಗಿನ ಇಪ್ಪತ್ತು ಮಂದಿ ಬಂದರೆ ಮಾತು ಬೇರೆ. ಕಾಫಿ ಗಿಡ ಮುರಿದರೆ, ಕಣದಲ್ಲಿ ಒಣಗುವ ಹಣ್ಣು ತುಳಿದರೆ, ನಾಯಿ ಕಚ್ಚಿದರೆ ಹೊಣೆ ಯಾರದು ಎಂಬ ಬೆಳೆಗಾರರ ಅಳುಕು ನ್ಯಾಯವಾದದ್ದು. ಹೀಗಾಗಿ ಮೊದಲ ಕೆಲಸ ಬೆಳೆಗಾರರ ಜೊತೆ ಬರವಣಿಗೆಯ ಒಪ್ಪಂದ: ಯಾವ ದಾರಿ, ಯಾವ ತಿಂಗಳು, ದಿನಕ್ಕೆ ಎಷ್ಟು ಜನ, ನಷ್ಟಕ್ಕೆ ಪರಿಹಾರ ಯಾವ ನಿಧಿಯಿಂದ.

ಎರಡನೆಯದು ಋತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯ ಮಳೆ ಸಾಮಾನ್ಯದ್ದಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳ ಮೇಲೆ ಗುಡ್ಡವೇ ಜಾರಿತು. ಚಾರ್ಮಾಡಿ ಘಾಟಿ ಬಂದ್ ಆಯಿತು. ಮಳೆಗಾಲದಲ್ಲಿ ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ನಡೆಯಬಹುದು, ಜಾರುವ ಗುಡ್ಡಕ್ಕೆ ಮದ್ದಿಲ್ಲ. ಉಳಿಯುವುದು ಅಕ್ಟೋಬರಿನಿಂದ ಫೆಬ್ರುವರಿ. ಅದೇ ಕಾಫಿ ಕೊಯ್ಲಿನ ಕಾಲವೂ ಹೌದು: ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ತೋಟಕ್ಕೇ ಆಳು ಸಾಲದ ಹೊತ್ತಿನಲ್ಲಿ ಅತಿಥಿಗಳಿಗೆ ಅಡುಗೆ ಮಾಡುವವರು ಯಾರು? ಆದ್ದರಿಂದ ಸಂಖ್ಯೆ ಚಿಕ್ಕದಾಗಿಯೇ ಇರಬೇಕು.

ಮೂರನೆಯದು ಆನೆ. ಮೂಡಿಗೆರೆ ಭಾಗದ ತೋಟಗಳಲ್ಲಿ ಆನೆಯ ಓಡಾಟ ಹೆಚ್ಚಿದೆ; ಜನ ಪ್ರಾಣ ಕಳೆದುಕೊಂಡಿದ್ದಾರೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಹಿಂಡು ಎಲ್ಲಿದೆ ಎಂದು ನಿಗಾ ಇಡುತ್ತದೆ. ಬೆಳಗಿನ ಮಂಜಿನಲ್ಲಿ ತೋಟದ ದಾರಿ ಹಿಡಿಯುವ ಮೊದಲು ಆ ಸುದ್ದಿ ಕೇಳಿ, ಬೇಕಾದರೆ ಹೊರಡುವುದನ್ನು ತಡಮಾಡುವ ಅಧಿಕಾರ ಮಾರ್ಗದರ್ಶಿಗೆ ಇರಬೇಕು. ಇದಕ್ಕೆ ಊರಿನವನೇ ಆಗಬೇಕು. ನಗರದಿಂದ ಗುಂಪಿನ ಜೊತೆ ಬಂದ ‘ಟ್ರೆಕ್ ಲೀಡರ್’ ಸಾಲದು. ಪ್ರಥಮ ಚಿಕಿತ್ಸೆ, ಹವೆಯ ಓದು, ಗುಂಪು ನಡೆಸುವುದು ಇವುಗಳಲ್ಲಿ ಅವನಿಗೆ ತರಬೇತಿ, ಪ್ರಮಾಣಪತ್ರ ಕೊಡಬೇಕು. ದಿನಗೂಲಿಯೂ ಅದಕ್ಕೆ ತಕ್ಕಂತಿರಬೇಕು.

ಹಾಗಾದರೆ ಏನು ಮಾಡಬಹುದು

ಇಷ್ಟನ್ನು ಮುಂದಿಟ್ಟುಕೊಂಡರೆ ಪ್ರಶ್ನೆಯ ಉತ್ತರ ತಕ್ಕಮಟ್ಟಿಗೆ ತಿಳಿಯಾಗುತ್ತದೆ. ಉತ್ತರ ಆಲ್ಪ್ಸ್ ಮಾದರಿಯ ನೆತ್ತಿಯ ಬಿಡಾರ ನಮಗೆ ಬೇಡ. ಕಾಯ್ದೆ ಒಪ್ಪದು, ನೆಲ ತಾಳದು. ಕುಮಾನೊ ಮಾದರಿಯ ಊರಿನಿಂದ ಊರಿಗೆ ನಡೆಯುವ ದಾರಿಯನ್ನು, ರಾಷ್ಟ್ರೀಯ ಉದ್ಯಾನದ ಗೆರೆಯ ಹೊರಗೆ, ಒಂದು ಕಡೆ ಪ್ರಯೋಗ ಮಾಡಿ ನೋಡಬಹುದು. ಜಾವಳಿಯಿಂದ ಸುಂಕಸಾಲೆ, ಹೊರನಾಡು, ಕಳಸ ಮಾರ್ಗವಾಗಿ ಸಂಸೆಯವರೆಗೆ ಎಂದು ಅಂದುಕೊಳ್ಳೋಣ. ಶಿಖರ ಬೇಕೆನ್ನುವವರು ನಡುವೆ ಒಂದು ದಿನ ಅರಣ್ಯ ಇಲಾಖೆಯ ಚೀಟಿ ಪಡೆದು ಹತ್ತಿ ಇಳಿಯಲಿ. ರಾತ್ರಿಗೆ ಊರಿಗೇ ಬರಲಿ.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ, ಹೊಸ ಕಟ್ಟಡವಂತೂ ಬೇಡವೇ ಬೇಡ. ಬೇಕಾದದ್ದು ಗ್ರಾಮ ಪಂಚಾಯಿತಿಗಳು, ಬೆಳೆಗಾರರು, ಹೋಂಸ್ಟೇಯವರು, ಅರಣ್ಯ ಇಲಾಖೆ ಕೂಡಿ ನಡೆಸುವ ಒಂದು ಸ್ಥಳೀಯ ಸಂಸ್ಥೆ. ಬುಕಿಂಗ್ ಅದರ ಕೈಯಲ್ಲಿರಲಿ. ಪ್ರತಿಯೊಬ್ಬ ನಡೆಯುವವನ ಹಣದಲ್ಲಿ ಒಂದು ಪಾಲು ದಾರಿಯ ದುರಸ್ತಿಗೆಂದೇ ಮೀಸಲಾಗಲಿ, ಅದರ ಲೆಕ್ಕ ಪಂಚಾಯಿತಿಯ ಗೋಡೆಯ ಮೇಲೆ ಬರಲಿ. ಹೋಂಸ್ಟೇ ತೆರೆಯುವುದು ಸುಲಭ, ದಾರಿ ಕಾಯುವುದು ಕಷ್ಟ. ಜಪಾನಿನ ನೂರು ವರ್ಷದ ಅನುಭವ ಹೇಳುವುದು ಇದನ್ನೇ.

ಇದೆಲ್ಲ ಆಗುವವರೆಗೆ ಓದುಗರು ಮಾಡಬಹುದಾದ ಕೆಲಸವೂ ಇದೆ. ಮುಂದಿನ ಸಲ ಈ ಸೀಮೆಗೆ ಬರುವಾಗ ಒಂದು ರಾತ್ರಿಯ ಬದಲು ಎರಡು ರಾತ್ರಿ ಊರಿನಲ್ಲೇ ಉಳಿಯಿರಿ, ಸಾಧ್ಯವಾದರೆ ವಾರದ ನಡುವೆ ಬನ್ನಿ. ಕಾಡಿನೊಳಗೆ ಡೇರೆ ಹಾಕಿಸಿಕೊಡುತ್ತೇವೆ ಎನ್ನುವವರಿಗೆ ಬೇಡ ಎನ್ನಿ. ಊರಿನ ಮಾರ್ಗದರ್ಶಿಯನ್ನೇ ಕರೆದುಕೊಳ್ಳಿ, ಅವನು ‘ಇವತ್ತು ಹೋಗುವುದು ಬೇಡ’ ಎಂದರೆ ಚೌಕಾಸಿ ಮಾಡಬೇಡಿ. ನೀವು ತಂದ ಕಸ ನಿಮ್ಮ ಚೀಲದಲ್ಲೇ ಊರಿಗೆ ಹೋಗಲಿ.